ಮನೆಯಲ್ಲಿ ಒಬ್ಬರಿಗೆ ಟಿಬಿ ಬಂದಾಗ ಉಳಿದವರು ಏನು ಮಾಡಬೇಕು

ಮನೆಯಲ್ಲಿ ಯಾರಿಗಾದರೂ ಟಿಬಿ ಎಂದು ಗೊತ್ತಾದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮೊದಲು ಆಗುವ ಕೆಲಸ ತಟ್ಟೆ ಲೋಟ ಬೇರೆ ಇಡುವುದು. ಆಮೇಲೆ ಬಕೆಟ್ ಬೇರೆ, ಟವೆಲ್ ಬೇರೆ. ಕಾಯಿಲೆ ಬಂದಿದ್ದು ಸೊಸೆಗಾದರೆ ಅವಳನ್ನೇ ತವರಿಗೆ ಕಳಿಸುವವರೂ ಇದ್ದಾರೆ. ಇಷ್ಟು ಮಾಡಿ ಮುಗಿಸಿದರೆ ಉಳಿದವರು ಬಚಾವ್ ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಯಾರೂ ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ. ಮನೆಯ ಮೂರು ವರ್ಷದ ಮಗುವಿಗೆ ಕೊಡಬೇಕಾದ ಮಾತ್ರೆಯನ್ನು ಯಾರೂ ಕೇಳಿರುವುದಿಲ್ಲ.

ತಟ್ಟೆಯಿಂದ ಟಿಬಿ ಬರುವುದಿಲ್ಲ. ಬಟ್ಟೆಯಿಂದ, ಕೈ ಮುಟ್ಟಿದರೆ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ. ಅದು ಬರುವುದು ಗಾಳಿಯಿಂದ. ರೋಗಿ ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಹೊರಗೆ ಬರುತ್ತವೆ. ಮುಚ್ಚಿದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲುತ್ತಿರುತ್ತವೆ. ಆ ಗಾಳಿಯನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ರೋಗಾಣು ಹೋಗುತ್ತದೆ.

ಇನ್ನೊಂದು ವಿಷಯ. ಟಿಬಿ ಎಂದು ರಿಪೋರ್ಟ್ ಬರುವ ಹೊತ್ತಿಗೆ ಆ ಮನುಷ್ಯ ಎಷ್ಟೋ ವಾರಗಳಿಂದ ಕೆಮ್ಮುತ್ತಿರುತ್ತಾನೆ. ಮನೆಯವರೆಲ್ಲ ಅಷ್ಟು ದಿನ ಅದೇ ಗಾಳಿಯಲ್ಲಿ ಮಲಗಿ ಎದ್ದಿರುತ್ತಾರೆ. ಹಾಗಾಗಿ "ಹತ್ತಿರ ಹೋಗಬಹುದಾ" ಎಂದು ಈಗ ಕೇಳಿ ದೊಡ್ಡ ಉಪಯೋಗವಿಲ್ಲ. ನಮ್ಮಲ್ಲಿ ಯಾರಿಗಾದರೂ ಆಗಲೇ ಕಾಯಿಲೆ ಶುರುವಾಗಿದೆಯಾ? ಆಗಿಲ್ಲದಿದ್ದರೆ ಆಗದಂತೆ ತಡೆಯುವುದು ಹೇಗೆ? ಕೇಳಬೇಕಾದ್ದು ಇವು. ತಟ್ಟೆ ತೊಳೆಯಲು ಹಾಕುವ ಶ್ರಮವನ್ನು ಈ ಎರಡಕ್ಕೆ ಹಾಕಿ.

ಮೊದಲು: ಯಾವ ಟಿಬಿ ಎಂದು ಕೇಳಿ ತಿಳಿದುಕೊಳ್ಳಿ

ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆ ಎರಡು. ಶ್ವಾಸಕೋಶದ್ದಾ, ಬೇರೆ ಕಡೆಯದ್ದಾ? ಮಾಮೂಲಿ ಔಷಧಿಗೆ ಬಗ್ಗುವುದಾ, ಬಗ್ಗದ್ದಾ?

ಕತ್ತಿನ ಗಂಟಿನ ಟಿಬಿ, ಬೆನ್ನುಮೂಳೆಯ ಟಿಬಿ, ಹೊಟ್ಟೆಯ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅಂಥವರಿಗೆ ಶ್ವಾಸಕೋಶದಲ್ಲೂ ಇದ್ದರೆ ಮಾತ್ರ ಹರಡುತ್ತದೆ. ಶ್ವಾಸಕೋಶದ ಟಿಬಿಯಲ್ಲೂ ಕಫದಲ್ಲಿ ರೋಗಾಣು ಕಂಡಿದ್ದರೆ ಅಪಾಯ ಜಾಸ್ತಿ. ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗದ ಟಿಬಿಯಾದರೆ ರೋಗಿಯ ಚಿಕಿತ್ಸೆ ಬೇರೆ. ಮನೆಯವರಿಗೆ ಕೊಡುವ ಮುಂಜಾಗ್ರತೆ ಮಾತ್ರೆಯೂ ಬೇರೆ. ಈಗ ತಾಲ್ಲೂಕು ಮಟ್ಟದಲ್ಲೇ ಟ್ರೂನ್ಯಾಟ್, ಸಿಬಿನ್ಯಾಟ್ ಎಂಬ ಯಂತ್ರಗಳು ಇರುತ್ತವೆ. ಕಫದಲ್ಲಿ ರೋಗಾಣು ಇದೆಯೇ, ಅದು ಆ ಔಷಧಿಗೆ ಬಗ್ಗುತ್ತದೆಯೇ ಎರಡನ್ನೂ ಅವು ಕೆಲವೇ ಗಂಟೆಗಳಲ್ಲಿ ಹೇಳುತ್ತವೆ. ರಿಪೋರ್ಟಿನ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮನೆಯವರ ಪರೀಕ್ಷೆಗೆ ಹೋದಾಗ ಅದನ್ನೇ ಮೊದಲು ತೋರಿಸಬೇಕು.

ಖಾಸಗಿ ಆಸ್ಪತ್ರೆಯಲ್ಲಿ ಗೊತ್ತಾಗಿದ್ದರೂ ಚಿಂತೆಯಿಲ್ಲ. 2012ರಿಂದ ಟಿಬಿ ಕೇಸನ್ನು ಸರ್ಕಾರಕ್ಕೆ ತಿಳಿಸುವುದು ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯ. ಹಾಗೆ ತಿಳಿಸಿದಾಗ ರೋಗಿಗೆ ಒಂದು ನಿಕ್ಷಯ್ ಐಡಿ, ಅಂದರೆ ಸರ್ಕಾರದ ಟಿಬಿ ದಾಖಲೆಯಲ್ಲಿ ಅವರ ನಂಬರ್, ಸಿಗುತ್ತದೆ. ಆ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲದಕ್ಕೂ ಅದು ಬೇಕು.

ಒಂದು ಪಟ್ಟಿ ಬರೆಯಿರಿ

ಆಶಾ ಕಾರ್ಯಕರ್ತೆ ಅಥವಾ ಟಿಬಿ ವಿಭಾಗದವರು ಮನೆಗೆ ಬಂದು "ಮನೇಲಿ ಎಷ್ಟು ಜನ" ಎಂದು ಕೇಳುತ್ತಾರೆ. ನಾವು ರೇಷನ್ ಕಾರ್ಡಿನಲ್ಲಿ ಇರುವವರನ್ನು ಹೇಳಿ ಸುಮ್ಮನಾಗುತ್ತೇವೆ. ರೋಗಾಣು ರೇಷನ್ ಕಾರ್ಡ್ ನೋಡುವುದಿಲ್ಲ.

ಚಿಕಿತ್ಸೆ ಶುರುವಾಗುವ ಹಿಂದಿನ ಮೂರು ತಿಂಗಳನ್ನು ನೆನಪು ಮಾಡಿಕೊಳ್ಳಿ. ಆ ಮೂರು ತಿಂಗಳಲ್ಲಿ ರೋಗಿಯ ಜೊತೆ ಒಂದೇ ಸೂರಿನಡಿ ಒಂದು ರಾತ್ರಿಯಾದರೂ ಮಲಗಿದವರು, ಹಗಲಿನಲ್ಲಿ ಪದೇ ಪದೇ ಅಥವಾ ಗಂಟೆಗಟ್ಟಲೆ ಒಂದೇ ಕೋಣೆಯಲ್ಲಿ ಕೂತವರು, ಎಲ್ಲರೂ ಈ ಪಟ್ಟಿಗೆ ಬರಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡಿ ವಾರಕ್ಕೊಮ್ಮೆ ರೈಲಿನಲ್ಲಿ ಬಂದುಹೋಗುವ ಮಗ ಬರುತ್ತಾನೆ. ರಜೆಗೆ ಬಂದಿದ್ದ ಮೊಮ್ಮಕ್ಕಳು ಬರುತ್ತಾರೆ. ಸಂಜೆಯೆಲ್ಲ ನಿಮ್ಮ ಮನೆಯಲ್ಲೇ ಟಿವಿ ನೋಡುವ ಪಕ್ಕದ ಮನೆ ಹುಡುಗಿ ಬರುತ್ತಾಳೆ. ಹೆರಿಗೆಗೆ ಬಂದು ಬಾಣಂತನ ಮುಗಿಸಿ ಹೋದ ಮಗಳು ಮತ್ತು ಕೂಸು ಖಂಡಿತ ಬರುತ್ತಾರೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಗಳಲ್ಲಿ ಹುಳು ಹಣ್ಣಾಗುವ ಹೊತ್ತಿಗೆ ಆಳುಗಳೂ ಅಲ್ಲೇ ಮಲಗುತ್ತಾರೆ. ಅವರನ್ನು ಮರೆಯುವುದೇ ಜಾಸ್ತಿ.

ಪಟ್ಟಿಯಲ್ಲಿ ಕೆಲವರ ಹೆಸರಿನ ಮುಂದೆ ಗುರುತು ಹಾಕಿ. ಐದು ವರ್ಷದೊಳಗಿನ ಮಕ್ಕಳು. ಎಚ್‌ಐವಿ ಇರುವವರು. ಸಕ್ಕರೆ ಕಾಯಿಲೆಯವರು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಸ್ಟೆರಾಯ್ಡ್ ಮಾತ್ರೆ ತಿನ್ನುವವರು. ತೀರಾ ಬಡಕಲಾಗಿರುವವರು. ಬೀಡಿ, ಸಿಗರೇಟು, ಕುಡಿತ ಜಾಸ್ತಿ ಇರುವವರು. ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಗುಂಪು ಸೇರಿಸಲೇಬೇಕು: ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರು ಮತ್ತು ಕೆಜಿಎಫ್‌ನ ಹಳೇ ಗಣಿ ಕಾರ್ಮಿಕರು. ಗಣಿ 2001ರಲ್ಲೇ ಮುಚ್ಚಿತು. ಆದರೆ ಒಳಗೆ ಹೋದ ಕಲ್ಲಿನ ದೂಳು ಶ್ವಾಸಕೋಶದಲ್ಲೇ ಉಳಿದಿರುತ್ತದೆ. ಆ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಇರುವವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ತುಂಬಾ ಹೆಚ್ಚು. ಅವರಿಗೆ ಕೆಮ್ಮು ಯಾವಾಗಲೂ ಇರುವುದರಿಂದ "ಇದು ಹಳೇ ಕೆಮ್ಮು" ಎಂದು ಬಿಟ್ಟುಬಿಡುವುದೂ ಹೆಚ್ಚು.

ಪಟ್ಟಿಯಲ್ಲಿ ಇರುವ ಎಲ್ಲರಿಗೂ ಪರೀಕ್ಷೆ

ಇದನ್ನು ಎರಡು ವಾರ ಆಮೇಲೆ ನೋಡೋಣ ಎಂದು ಮುಂದೂಡಬೇಡಿ. ರೋಗಿಯ ಚಿಕಿತ್ಸೆ ಶುರುವಾದ ವಾರದಲ್ಲೇ ಮುಗಿಸಿ.

ಸಾಮಾನ್ಯ ಜನರಿಗೆ ಎರಡು ವಾರ ಮೀರಿದ ಕೆಮ್ಮು ಇದ್ದರೆ ಟಿಬಿ ಪರೀಕ್ಷೆ ಎನ್ನುತ್ತಾರೆ. ಟಿಬಿ ರೋಗಿಯ ಮನೆಯವರಿಗೆ ಈ ಎರಡು ವಾರದ ಲೆಕ್ಕ ಇಲ್ಲ. ಎಷ್ಟೇ ದಿನದ ಕೆಮ್ಮಾಗಲಿ, ಸಂಜೆ ಹೊತ್ತು ಬರುವ ಜ್ವರವಾಗಲಿ, ರಾತ್ರಿ ಮೈ ಬೆವರುವುದಾಗಲಿ, ತೂಕ ಇಳಿಯುವುದಾಗಲಿ, ಒಂದೇ ಒಂದು ಇದ್ದರೂ ಪರೀಕ್ಷೆ ಆಗಬೇಕು. ಮಕ್ಕಳಲ್ಲಿ ತೂಕ ಏರದೆ ನಿಂತಿರುವುದು, ಆಟಕ್ಕೆ ಹೋಗದೆ ಮಂಕಾಗಿ ಕೂರುವುದು ಸಹ ಲಕ್ಷಣವೇ. ಅಂಗನವಾಡಿಯಲ್ಲಿ ತೂಕ ಬರೆದಿರುವ ತಾಯಿ ಕಾರ್ಡ್ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಜೊತೆಗೆ ತೆಗೆದುಕೊಂಡು ಹೋಗಿ.

ಏನೂ ಲಕ್ಷಣ ಇಲ್ಲದವರೂ ಎದೆಯ ಎಕ್ಸ್‌ರೇ ಮಾಡಿಸಿಕೊಳ್ಳಬೇಕು. 2019ರಿಂದ 2021ರವರೆಗೆ ದೇಶದಾದ್ಯಂತ ನಡೆದ ಟಿಬಿ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳ ಪೈಕಿ ಶೇ. 42.6ರಷ್ಟು ಜನ ಎಕ್ಸ್‌ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು. "ನಂಗೇನೂ ಆಗಿಲ್ಲ, ಚೆನ್ನಾಗೇ ಇದೀನಿ" ಎನ್ನುವ ಗಂಡಸರಿಗೆ ಈ ಒಂದು ಅಂಕಿ ಹೇಳಿ ಕರೆದುಕೊಂಡು ಹೋಗಿ.

ಕಫ ಕೊಡುವುದಕ್ಕೂ ಕ್ರಮ ಇದೆ. ಬಾಯಿ ನೀರಿನಲ್ಲಿ ಮುಕ್ಕಳಿಸಿ. ದೀರ್ಘವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ಡಬ್ಬಿಗೆ ಉಗುಳಿ. ಬರೀ ಎಂಜಲು ಕೊಟ್ಟರೆ ಪರೀಕ್ಷೆ ವ್ಯರ್ಥ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಒಳ್ಳೆಯದು. ಇದನ್ನು ಬಚ್ಚಲಲ್ಲಿ, ಕೋಣೆಯಲ್ಲಿ ಮಾಡಬೇಡಿ. ಹಿತ್ತಲಿಗೋ ಬಯಲಿಗೋ ಹೋಗಿ, ಯಾರೂ ಹತ್ತಿರ ಇರಬಾರದು. ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ. ಅವರಿಗೆ ಬೇರೆ ರೀತಿ ಮಾದರಿ ತೆಗೆಯುತ್ತಾರೆ. ಅದಕ್ಕೆ ಪಿಎಚ್‌ಸಿಯಿಂದ ತಾಲ್ಲೂಕು ಆಸ್ಪತ್ರೆಗೋ, ಕೋಲಾರದವರಾದರೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಕಳಿಸಬಹುದು. ಬೇಜಾರು ಮಾಡಿಕೊಳ್ಳದೆ ಹೋಗಿ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ್ದರು. ಹಳ್ಳಿ ಜನಕ್ಕೆ ಕಾಯಿಲೆಯ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನೋಡಿದರೆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ತಾವಾಗಿಯೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಹೋದವರಿಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಇವತ್ತಿಗೂ ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ಪಿನಲ್ಲೇ ತಿಂಗಳು ಕಳೆಯುವವರು ಕಡಿಮೆಯೇನಿಲ್ಲ. ಹಾಗಾಗಿ ಡಾಕ್ಟರ್ ಎದುರು ಕೂತ ತಕ್ಷಣ "ನಮ್ಮ ಮನೇಲಿ ಒಬ್ಬರಿಗೆ ಟಿಬಿ ಇದೆ, ಟೆಸ್ಟ್ ಮಾಡಿ" ಎಂದು ಬಾಯಿಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಸಿರಪ್ ಬಾಟಲಿಯೇ ಗತಿ.

ಹಾಗೆಯೇ ಬೆರಳಿನ ರಕ್ತ ತೆಗೆದು ಟಿಬಿ ಇದೆ, ಇಲ್ಲ ಎಂದು ಹೇಳುತ್ತೇವೆ ಎನ್ನುವ ಲ್ಯಾಬುಗಳಿಗೆ ದುಡ್ಡು ಸುರಿಯಬೇಡಿ. ಅಂಥ ಆಂಟಿಬಾಡಿ ಪರೀಕ್ಷೆಗಳನ್ನು ದೇಶದಲ್ಲಿ 2012ರಲ್ಲೇ ನಿಷೇಧಿಸಲಾಗಿದೆ.

ಕಾಯಿಲೆ ಇಲ್ಲ ಎಂದಾದರೆ ಮುಂಜಾಗ್ರತೆ ಮಾತ್ರೆ

ಜನಕ್ಕೆ ಅರ್ಥ ಮಾಡಿಸಲು ಕಷ್ಟವಾಗುವುದು ಈ ಹಂತ. "ಕಾಯಿಲೆನೇ ಇಲ್ಲ ಅಂದ್ಮೇಲೆ ಮಾತ್ರೆ ಯಾಕೆ" ಎನ್ನುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ.

ರೋಗಾಣು ಒಳಗೆ ಹೋದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ನೂರು ಜನರಲ್ಲಿ 5ರಿಂದ 10 ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲೋ ಟಿಬಿ ಆಗುತ್ತದೆ. ಉಳಿದವರಲ್ಲಿ ಅದು ಬೂದಿ ಮುಚ್ಚಿದ ಕೆಂಡದ ಹಾಗೆ ಸುಮ್ಮನೆ ಇರುತ್ತದೆ. ಆದರೆ ಆ ಅಪಾಯದ ದೊಡ್ಡ ಪಾಲು ಮೊದಲ ಎರಡು ವರ್ಷಗಳಲ್ಲೇ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಲೆಕ್ಕವೇ ಬೇರೆ. ಅವರಲ್ಲಿ ಕಾಯಿಲೆ ಬೇಗ ಬರುತ್ತದೆ, ಮಿದುಳಿಗೂ ಏರಬಹುದು. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆ ಅಂಥ ಗಂಭೀರ ಟಿಬಿಯಿಂದ ಮಕ್ಕಳನ್ನು ಸಾಕಷ್ಟು ಕಾಪಾಡುತ್ತದೆ, ಪೂರ್ತಿಯಾಗಿ ಕಾಪಾಡುವುದಿಲ್ಲ. ದೊಡ್ಡವರ ಶ್ವಾಸಕೋಶದ ಟಿಬಿ ತಡೆಯಲು ಅದನ್ನು ನಂಬಿ ಕೂರುವ ಹಾಗಿಲ್ಲ. "ಬಿಸಿಜಿ ಹಾಕ್ಸಿದೀವಲ್ಲ" ಎಂದು ಮಾತ್ರೆ ಬೇಡ ಎನ್ನಬೇಡಿ.

ಒಳಗಿರುವ ರೋಗಾಣು ಕಾಯಿಲೆಯಾಗುವ ಮೊದಲೇ ಅದನ್ನು ಕೊಲ್ಲುವುದು ಈ ಮಾತ್ರೆಯ ಕೆಲಸ. ಆಸ್ಪತ್ರೆಯಲ್ಲಿ ಇದಕ್ಕೆ ಟಿಪಿಟಿ ಎನ್ನುತ್ತಾರೆ. ಕಫದಲ್ಲಿ ರೋಗಾಣು ಕಂಡ ಶ್ವಾಸಕೋಶದ ಟಿಬಿ ರೋಗಿಯ ಮನೆಯವರೆಲ್ಲರಿಗೂ, ದೊಡ್ಡವರಿಗೂ ಸೇರಿ, ಇದು ಉಚಿತ. ಐದು ವರ್ಷದೊಳಗಿನ ಮಕ್ಕಳಿಗೆ ಕಾಯಿಲೆ ಇಲ್ಲ ಎಂದು ಖಚಿತವಾದರೆ ಸಾಕು, ಮಾತ್ರೆ ಶುರು. ಅದಕ್ಕಿಂತ ದೊಡ್ಡವರಿಗೆ ಚರ್ಮದ ಪರೀಕ್ಷೆಯೋ ರಕ್ತದ ಇಗ್ರಾ ಪರೀಕ್ಷೆಯೋ ಮಾಡಿ ರೋಗಾಣು ಒಳಗಿದೆಯೇ ಎಂದು ನೋಡಬಹುದು. ಚರ್ಮದ ಪರೀಕ್ಷೆ ಮಾಡಿದರೆ 48ರಿಂದ 72 ಗಂಟೆಯೊಳಗೆ ಮತ್ತೆ ತೋರಿಸಲು ಹೋಗಲೇಬೇಕು. ಆ ಪರೀಕ್ಷೆಗಳು ನಿಮ್ಮ ಊರಲ್ಲಿ ಇಲ್ಲ ಎಂಬ ಕಾರಣಕ್ಕೆ ಮಾತ್ರೆ ನಿಲ್ಲಿಸಬೇಕಾಗಿಲ್ಲ.

ಮಾತ್ರೆ ಎರಡು ಬಗೆ. ಒಂದು, ಐಸೋನಿಯಾಜಿಡ್. ದಿನಾ ಒಂದು ಸಲ, ಆರು ತಿಂಗಳು. ಇನ್ನೊಂದು, ಐಸೋನಿಯಾಜಿಡ್ ಜೊತೆ ರಿಫಾಪೆಂಟಿನ್. ವಾರಕ್ಕೊಂದು ಸಲ, 12 ವಾರ. ನನ್ನ ಕೇಳಿದರೆ, ಎರಡೂ ಸಿಗುವ ಕಡೆ ದೊಡ್ಡವರಿಗೆ ವಾರದ ಮಾತ್ರೆಯೇ ವಾಸಿ. ಕಾಯಿಲೆ ಇಲ್ಲದ ಮನುಷ್ಯ ಆರು ತಿಂಗಳು ದಿನಾ ಮಾತ್ರೆ ನುಂಗುವುದು ಸುಲಭದ ಮಾತಲ್ಲ, ಅಲ್ವಾ? ಸಂತೆ ದಿನವೋ ಸೋಮವಾರವೋ ಒಂದು ದಿನ ಗೊತ್ತು ಮಾಡಿಕೊಳ್ಳಿ. ಮನೆಯವರೆಲ್ಲ ಒಟ್ಟಿಗೆ ತೆಗೆದುಕೊಂಡು ಕ್ಯಾಲೆಂಡರಿನಲ್ಲಿ ಗೆರೆ ಹಾಕಿ. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ವಾರದ ಮಾತ್ರೆ ಕೊಡುವುದಿಲ್ಲ. ಮಕ್ಕಳ ಪ್ರಮಾಣ ತೂಕದ ಮೇಲೆ ಹೋಗುತ್ತದೆ. ದೊಡ್ಡವರ ಮಾತ್ರೆ ಮುರಿದು ಕೊಡುವ ಕೆಲಸ ಬೇಡ.

ಶುರು ಮಾಡುವ ಮೊದಲು ಕೆಲವನ್ನು ಹೇಳಲೇಬೇಕು: ಕಾಮಾಲೆ ಅಥವಾ ಲಿವರ್ ತೊಂದರೆ ಇದ್ದರೆ, ದಿನಾ ಕುಡಿಯುವ ಅಭ್ಯಾಸ ಇದ್ದರೆ, ಕೈಕಾಲು ಜೋಮು ಹಿಡಿಯುತ್ತಿದ್ದರೆ, ಬೇರೆ ಮಾತ್ರೆ ತಿನ್ನುತ್ತಿದ್ದರೆ. ರಿಫಾಪೆಂಟಿನ್ ಇರುವಾಗ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದನ್ನು ಹೆಣ್ಣುಮಕ್ಕಳಿಗೆ ಎಷ್ಟೋ ಕಡೆ ಯಾರೂ ಹೇಳಿರುವುದಿಲ್ಲ. ಆ ಮೂರು ತಿಂಗಳಿಗೆ ಬೇರೆ ವಿಧಾನ ಕೇಳಿಕೊಳ್ಳಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಔಷಧಿಯ ಬಣ್ಣ. ಆದರೆ ಊಟ ಸೇರದೆ ವಾಂತಿ ಬರುತ್ತಿದ್ದರೆ, ಕಣ್ಣು ಹಳದಿಯಾದರೆ, ಮೂತ್ರ ಕಡು ಕಂದು ಬಣ್ಣಕ್ಕೆ ಹೋದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಜೋಮು ಬರದಂತೆ ಬಿ6 ಮಾತ್ರೆ ಜೊತೆಗೆ ಕೊಡುತ್ತಾರೆ. ಕೊಡದಿದ್ದರೆ ಕೇಳಿ.

ಮನೆಯೊಳಗಿನ ಗಾಳಿ

ರೋಗಿಯನ್ನು ಊರಾಚೆ ಇಡಬೇಕಾಗಿಲ್ಲ. 1950ರ ದಶಕದ ಕೊನೆಯಲ್ಲಿ ಮದ್ರಾಸಿನಲ್ಲಿ ಒಂದು ಪ್ರಸಿದ್ಧ ಅಧ್ಯಯನ ನಡೆಯಿತು. ಕೆಲವು ರೋಗಿಗಳಿಗೆ ಸ್ಯಾನಿಟೋರಿಯಂನಲ್ಲಿ, ಅಂದರೆ ಟಿಬಿ ರೋಗಿಗಳನ್ನು ಬೇರೆಯಾಗಿ ಇಡುವ ಆಸ್ಪತ್ರೆಯಲ್ಲಿ, ಕೆಲವರಿಗೆ ಅವರ ಇಕ್ಕಟ್ಟಾದ ಮನೆಗಳಲ್ಲೇ ಚಿಕಿತ್ಸೆ ಕೊಟ್ಟರು. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬದಲ್ಲಿ ಟಿಬಿ ಹೆಚ್ಚೇನೂ ಆಗಲಿಲ್ಲ. ಜಗತ್ತಿನ ಸ್ಯಾನಿಟೋರಿಯಂಗಳು ಮುಚ್ಚಿಹೋಗಲು ಅದೂ ಒಂದು ಕಾರಣ. ಸರಿಯಾದ ಔಷಧಿ ಶುರುವಾದರೆ ಹರಡುವಿಕೆ ಬೇಗ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವಾರ ಜಾಗ್ರತೆ ಸಾಕು. ಔಷಧಿಗೆ ಬಗ್ಗದ ಟಿಬಿಯಾದರೆ ಎಷ್ಟು ದಿನ ಎಂದು ಡಾಕ್ಟರನ್ನೇ ಕೇಳಬೇಕು.

ಆ ದಿನಗಳಲ್ಲಿ ಮಾಡಬೇಕಾದ್ದು ಗಾಳಿ ಓಡಾಡುವ ಹಾಗೆ ನೋಡಿಕೊಳ್ಳುವುದು. ಎದುರುಬದುರು ಕಿಟಕಿ, ಬಾಗಿಲು ತೆರೆದಿಡಿ. ಹೆಂಚಿನ ಮನೆಯ ಗವಾಕ್ಷಿಗೆ ಗೋಣಿ ತುರುಕಿದ್ದರೆ ತೆಗೆಯಿರಿ. ರೋಗಿಯ ಮಂಚ ಕಿಟಕಿ ಪಕ್ಕಕ್ಕೆ ಬರಲಿ. ಜಗುಲಿ ಅಥವಾ ಮಾಳಿಗೆ ಇದ್ದರೆ ಬೇಸಿಗೆಯಲ್ಲಿ ಅಲ್ಲೇ ಮಲಗಲಿ, ಹಗಲಿನಲ್ಲಿ ಬೇವಿನ ಮರದ ಕೆಳಗೆ ಕೂರಲಿ. ಬಿಸಿಲು ಬೀಳುವ ಜಾಗದಲ್ಲಿ ಈ ರೋಗಾಣು ಹೆಚ್ಚು ಹೊತ್ತು ಬದುಕುವುದಿಲ್ಲ. ಕಷ್ಟ ಬರುವುದು ಡಿಸೆಂಬರ್, ಜನವರಿಯ ಚಳಿಯಲ್ಲಿ. ಆಗ ಎಲ್ಲ ಮುಚ್ಚಿಕೊಂಡು ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಇನ್ನೊಂದು ಕಂಬಳಿ ಹೊದ್ದುಕೊಳ್ಳಿ, ಕಿಟಕಿ ಮಾತ್ರ ಸ್ವಲ್ಪವಾದರೂ ತೆರೆದಿರಲಿ. ರೇಷ್ಮೆ ಹುಳು ಮನೆಯನ್ನು ಊಜಿ ನೊಣಕ್ಕೆ, ಕಾವಿಗೆ ಎಂದು ಮುಚ್ಚಿಯೇ ಇಡಬೇಕಾಗುತ್ತದೆ. ರೋಗಿ ಅಲ್ಲಿ ಮಲಗುವುದು ಬೇಡ, ಸೊಪ್ಪು ಹಾಕುವ ಕೆಲಸವನ್ನು ಆ ಎರಡು ವಾರ ಬೇರೆಯವರು ನೋಡಿಕೊಳ್ಳಲಿ.

ಒಂದೇ ಕೋಣೆಯ ಮನೆಯಾದರೆ ಪುಟ್ಟ ಮಕ್ಕಳು ಮತ್ತು ರೋಗಿಯ ನಡುವೆ ಆದಷ್ಟು ದೂರ ಇರಲಿ, ಮಕ್ಕಳು ಬಾಗಿಲ ಕಡೆ ಮಲಗಲಿ. ಮಾಸ್ಕ್ ಹಾಕಬೇಕಾದವರು ಮೊದಲು ರೋಗಿ, ಆಮೇಲೆ ನೋಡಿಕೊಳ್ಳುವವರು. ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದರೆ ಎಸಿ ಬೇಡ, ಗಾಜು ಇಳಿಸಿ. ಕಫವನ್ನು ಮುಚ್ಚಳದ ಡಬ್ಬಿಯಲ್ಲಿ ಉಗುಳಿ, ದಿನದ ಕೊನೆಗೆ ಸುಡಲಿ ಅಥವಾ ಹೂಳಲಿ.

ತಾಯಿಗೆ ಟಿಬಿ ಇದ್ದರೆ ಕೂಸಿಗೆ ಎದೆಹಾಲು ಬಿಡಿಸಬೇಡಿ. ಹಾಲಿನಿಂದ ಟಿಬಿ ಬರುವುದಿಲ್ಲ. ತಾಯಿ ಮಾಸ್ಕ್ ಹಾಕಿಕೊಂಡು ಹಾಲು ಕೊಡಲಿ. ಕೂಸಿಗೆ ಕಾಯಿಲೆ ಇಲ್ಲ ಎಂದಾದರೆ ಮುಂಜಾಗ್ರತೆ ಔಷಧಿ ಕೊಡುತ್ತಾರೆ. ಅಜ್ಜಿಯರು ಇಲ್ಲಿ ಜಗಳ ತೆಗೆಯುವುದು ಉಂಟು. ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನರ್ಸ್ ಬಾಯಲ್ಲೇ ಹೇಳಿಸಿ.

ಊಟವೂ ತಡೆಯೇ

ರೋಗಿಗೆ ಮೊಟ್ಟೆ, ಹಾಲು ಕೊಟ್ಟು ಉಳಿದವರು ಬರೀ ಸಾರು ಮುದ್ದೆಯಲ್ಲಿ ಕಾಲ ತಳ್ಳುವ ಮನೆಗಳಿವೆ. ಮನೆಯವರ ಊಟಕ್ಕೂ ಟಿಬಿಗೂ ನೇರ ಸಂಬಂಧ ಇದೆ. ಜಾರ್ಖಂಡ್‌ನಲ್ಲಿ 2019ರಿಂದ 2022ರವರೆಗೆ ರೇಷನ್ಸ್ ಎಂಬ ಅಧ್ಯಯನ ನಡೆಯಿತು. ಅದರ ಮುಂದಾಳುಗಳು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ರೋಗಿಗಳ ಮನೆಯ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಅಂಥ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಅಕ್ಕಿ ಬೇಳೆಯಿಂದ!

ನಮ್ಮಲ್ಲಿ ಇದಕ್ಕೆ ದುಬಾರಿ ಪೌಡರ್ ಡಬ್ಬಿ ಬೇಕಾಗಿಲ್ಲ. ಮುದ್ದೆಯ ಜೊತೆ ಹುರುಳಿ ಬಸ್ಸಾರು, ಕಾಲದಲ್ಲಿ ಅವರೆಕಾಳು, ಸೊಪ್ಪು, ದಿನಕ್ಕೊಂದು ಹಿಡಿ ಕಡಲೆಕಾಯಿ, ತಿನ್ನುವವರಿಗೆ ಮೊಟ್ಟೆ. ಕಾಳು ತಟ್ಟೆಗೆ ಬೀಳಬೇಕು, ಬರೀ ಕಟ್ಟು ಕುಡಿದರೆ ಸಾಲದು. ಹೆಂಗಸರು ಕೊನೆಗೆ ಉಳಿದದ್ದು ತಿನ್ನುವ ಪದ್ಧತಿ ಇದ್ದರೆ ಈ ಆರು ತಿಂಗಳಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ತಿಂಗಳಿಗೊಮ್ಮೆ ಎಲ್ಲರ ತೂಕ ನೋಡಿ ಬರೆದಿಡಿ.

ರೋಗಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಇದು 500 ಇತ್ತು. ನಿಕ್ಷಯ್ ಮಿತ್ರ ಎಂಬ ಹೆಸರಿನಲ್ಲಿ ದಾನಿಗಳು ಆಹಾರದ ಕಿಟ್ ಕೊಡುವ ಏರ್ಪಾಡೂ ಇದೆ. ಮನೆಯವರಿಗೂ ಸಿಗುತ್ತದೆಯೇ ಎಂದು ಆಶಾ ಅವರ ಹತ್ತಿರ ವಿಚಾರಿಸಿ.

ಆಮೇಲೆ ಎರಡು ವರ್ಷ

ರೋಗಿ ಔಷಧಿಯನ್ನು ಪೂರ್ತಿ ಮುಗಿಸಬೇಕು. ಮಾಮೂಲಿ ಟಿಬಿಗೆ ಆರು ತಿಂಗಳು. ಎರಡನೇ ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡಾಗ ಬಿಟ್ಟುಬಿಡುವವರು ಜಾಸ್ತಿ. ಹಾಗೆ ಬಿಟ್ಟರೆ ಮನೆಯವರ ಮಾತ್ರೆ, ಪರೀಕ್ಷೆ ಎಲ್ಲವೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಮುಂಜಾಗ್ರತೆ ಮಾತ್ರೆ ಮುಗಿಸಿದವರನ್ನೂ, ಬೇಡ ಎಂದವರನ್ನೂ ಎರಡು ವರ್ಷ ಗಮನಿಸುತ್ತಿರಿ. ಬೇಡ ಎಂದವರನ್ನು ಬೈದು ಪ್ರಯೋಜನವಿಲ್ಲ. ಆರು ತಿಂಗಳಿಗೊಮ್ಮೆ ಎಕ್ಸ್‌ರೇ ಮಾಡಿಸಲು ಒಪ್ಪಿಸಿದರೂ ದೊಡ್ಡ ಕೆಲಸ. ಊರು ಬಿಟ್ಟು ಬೆಂಗಳೂರಿಗೆ, ಹೊಸೂರಿಗೆ ಕೆಲಸಕ್ಕೆ ಹೋಗುವವರು ಔಷಧಿ ನಿಲ್ಲಿಸಬೇಕಾಗಿಲ್ಲ. ನಿಕ್ಷಯ್ ಐಡಿ ಇದ್ದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ವರ್ಗಾಯಿಸಿಕೊಡುತ್ತಾರೆ. ಹೊರಡುವ ಮೊದಲೇ ಪಿಎಚ್‌ಸಿಗೆ ಹೇಳಿ, ದಾರಿಯ ದಿನಗಳಿಗೆ ಮಾತ್ರೆ ಇಸಿದುಕೊಳ್ಳಿ.

ಆಶಾ ಅವರು ಮನೆಗೆ ಬಂದರೆ ಬೀದಿಯವರಿಗೆಲ್ಲ ಗೊತ್ತಾಗುತ್ತದೆ ಎಂಬ ಹಿಂಜರಿಕೆ ಇದ್ದರೆ ಅದನ್ನು ಅವರಿಗೇ ಹೇಳಿ. ಪಿಎಚ್‌ಸಿಯಲ್ಲೇ ಭೇಟಿಯಾಗಬಹುದು. ಫೋನಿನಲ್ಲಿ ಕೇಳುವುದಾದರೆ ನಿಕ್ಷಯ್ ಸಹಾಯವಾಣಿ 1800-11-6666, ಉಚಿತ ಕರೆ. ಮಾತ್ರೆ ಸಿಗುತ್ತಿಲ್ಲ, ಹಣ ಬಂದಿಲ್ಲ, ಮನೆಯವರ ಪರೀಕ್ಷೆಗೆ ಯಾರೂ ಕರೆದಿಲ್ಲ, ಯಾವ ದೂರಾದರೂ ಅಲ್ಲಿ ಹೇಳಬಹುದು. ಮಾತಾಡುವಾಗ ನಿಕ್ಷಯ್ ಐಡಿ ಕೈಯಲ್ಲಿರಲಿ.